ಐದನೇ ಲೈನು

ಹೊಸದುರ್ಗ
2 ಡಿಸೆಂಬರ್ 2024

ಚೌಡೇಶ್ವರಿಗೆ,

ಈ ಕಾಗದವನ್ನು ನಾಲ್ಕನೇ ಸಲ ಶುರು ಮಾಡುತ್ತಿದ್ದೇನೆ. ಮೊದಲ ಮೂರರಲ್ಲಿ ಕ್ಷೇಮಸಮಾಚಾರ ಕೇಳಿದ್ದೆ. ಇಪ್ಪತ್ತು ವರ್ಷ ಕೇಳದವಳು ಈಗ ಕೇಳುವುದು ಸರಿ ಕಾಣಲಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಶ್ರೀರಾಂಪುರದ ಅಂಧ ಹೆಣ್ಣುಮಕ್ಕಳ ಶಾಲೆಯಲ್ಲಿ 2003ರಲ್ಲಿ ನಾವಿಬ್ಬರೂ ಕೂರಿಸಿದ ಬ್ರೈಲ್ ಯಂತ್ರ ನಿಂತುಹೋಗಿದೆ. ಹೌದು, ಅದೇ ಕಂಪ್ಯೂಟರು, ಅದೇ ಪ್ರಿಂಟರು. ಇಪ್ಪತ್ತೊಂದು ವರ್ಷ ಪಾಠಗಳನ್ನು ಉಬ್ಬು ಚುಕ್ಕಿಗಳಾಗಿ ಒತ್ತಿ ಕೊಟ್ಟಿದೆ. ಈಗ ಏಳುತ್ತದೆ, ಮಾತಾಡುತ್ತದೆ, ಪ್ರಿಂಟ್ ಕೊಟ್ಟರೆ ಅರ್ಧ ಸಾಲು ಒತ್ತಿ ಬಿಗಿದು ನಿಲ್ಲುತ್ತದೆ. ಆಮೇಲೆ ಮಾತೂ ಇಲ್ಲ. ಧ್ವನಿಯನ್ನು ತೆಗೆದುಹಾಕಿ ಪ್ರಿಂಟ್ ಮಾತ್ರ ಮಾಡೋಣವೆಂದರೆ ನಿನ್ನ ಪ್ರೋಗ್ರಾಂ ಒಪ್ಪುವುದಿಲ್ಲ. ಧ್ವನಿ ಇಲ್ಲದಿದ್ದರೆ ಅದು ಶುರುವಾಗದಂತೆ ನೀನೇ ಬರೆದಿದ್ದೆ. ಕಣ್ಣಿರುವವರು ಬಂದು ಕೂತರೆ ಮಾತ್ರ ಓಡುವ ಯಂತ್ರ ಈ ಶಾಲೆಗೆ ಬೇಡ ಎಂದಿದ್ದೆ. ಆಗ ನಾನು ವಾದ ಮಾಡಿದ್ದೆ. ನೀನು ಹೇಳಿದ್ದೇ ಸರಿ ಎಂದು ಈಗಲೂ ಅನ್ನಿಸುತ್ತದೆ, ಕಷ್ಟವಾಗಿರುವುದೂ ಅದರಿಂದಲೇ.

ರಂಜಿತಾ ಎಂಬ ಹುಡುಗಿ ಹತ್ತನೇ ತರಗತಿಯಲ್ಲಿದ್ದಾಳೆ. ಕುರಿ ಕಾಯುವ ಮನೆಯವಳು, ಆ ಮನೆಯಲ್ಲಿ ಇಷ್ಟು ದೂರ ಓದಿದವಳು ಇವಳೊಬ್ಬಳೇ. ಸಮಾಜ ವಿಜ್ಞಾನದ ಬ್ರೈಲ್ ಪುಸ್ತಕದ ಎರಡನೇ ಭಾಗವನ್ನು ಗೆದ್ದಲು ತಿಂದಿದೆ. ಶಾಲೆಯಲ್ಲಿದ್ದದ್ದು ಒಂದೇ ಪ್ರತಿ. ಹೊಸ ಪ್ರಿಂಟರು ಬರುವುದು ಜೂನ್‌ಗೆ, ಅವಳ ಪರೀಕ್ಷೆ ಮಾರ್ಚ್‌ನಲ್ಲಿ. ಅವಳ ಅಜ್ಜ ಚಿತ್ತಯ್ಯ ಮೊನ್ನೆ ನನ್ನೆದುರಿಗೇ ಹೇಳಿದರು: “ಪಾಸಾದ್ರೆ ಓದ್ಲಿ ಮೇಡಂ. ಆಗ್ಲಿಲ್ಲ ಅಂದ್ರೆ ಕರ್ಕಂಡೋಗ್ತೀವಿ. ಎರಡನೇ ಸಲ ಕುಂದ್ರಸಾಕೆ ಆಗಾಕಿಲ್ಲ.” ಪಾಠಗಳನ್ನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿಕೊಟ್ಟೆ. ಅವಳು ನಯವಾಗಿ ವಾಪಸು ಕೊಟ್ಟಳು. “ಕೇಳಿದ್ದು ಕಿವಿಲಿ ನಿಲ್ಲಲ್ಲ ಮೇಡಂ. ಕೈಗೆ ಹತ್ಬೇಕು.”

ನಿನ್ನ ವಿಳಾಸ ಸಿಕ್ಕಿದ್ದು ಇಲ್ಲಿಯ ದಿನಸಿ ಅಂಗಡಿಯ ತಕ್ಕಡಿಯ ಮೇಲೆ. ರಿಪೇರಿ ಮಾಡಿದವರ ಹೆಸರು, ಹಿರಿಯೂರು, ಬಸ್ ನಿಲ್ದಾಣದ ಹಿಂಭಾಗ. ಫೋನ್ ನಂಬರೂ ಇತ್ತು. ಮೂರು ಸಲ ಒತ್ತಿದೆ, ಮೂರು ಸಲವೂ ರಿಂಗಾಗುವ ಮೊದಲೇ ಕತ್ತರಿಸಿದೆ.

ಏನು ನೋಡಬೇಕು ಎಂದು ಒಂದು ಸಾಲು ಬರೆದರೆ ಸಾಕು.

ಮಮತಾ


ಹೊಸದುರ್ಗ
21 ಡಿಸೆಂಬರ್ 2024

ಚೌಡೇಶ್ವರಿಗೆ,

ಹಿಂದಿನ ಕಾಗದ ತಲುಪಿತೋ ಇಲ್ಲವೋ ಗೊತ್ತಿಲ್ಲ. ತಲುಪಿಲ್ಲ ಎಂದುಕೊಂಡರೆ ನನಗೆ ಸಮಾಧಾನ, ಹಾಗಾಗಿ ಅದನ್ನು ನಂಬುವುದು ಬೇಡ ಅನ್ನಿಸುತ್ತಿದೆ.

ಕಾಲೇಜಿನ ಪಾಠ ಮುಗಿಸಿ ವಾರಕ್ಕೆ ಮೂರು ದಿನ ಶ್ರೀರಾಂಪುರದ ಬಸ್ಸು ಹತ್ತುತ್ತೇನೆ. ಬಸ್ಸಿನಲ್ಲಿ ಕೂತಾಗ ಏನೋ ಹೊಳೆದ ಹಾಗಾಗುತ್ತದೆ, ಕಂಪ್ಯೂಟರಿನ ಮುಂದೆ ಕೂತರೆ ಅದು ಇರುವುದಿಲ್ಲ. ಪ್ರಿಂಟರಿನ ಕೇಬಲ್ ಬದಲಿಸಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಎರಡು ಸಾಧನ ಒಂದೇ ಜಾಗಕ್ಕೆ ಜಗಳವಾಡುತ್ತಿವೆಯೇ ಎಂದು ಸಾಧನಗಳ ಪಟ್ಟಿ ತೆರೆದು ನೋಡಿದೆ. ತೊಂದರೆ ತೋರಿಸುವ ಹಳದಿ ಗುರುತಿಲ್ಲ. ಸಂಘರ್ಷ ಇಲ್ಲ ಎಂದು ಬರೆದಿದೆ. ಸಂಘರ್ಷ ಇಲ್ಲವಂತೆ, ಆದರೆ ಕೆಲಸವೂ ಇಲ್ಲ. ಇದಕ್ಕಿಂತ ದೊಡ್ಡ ಜಗಳವನ್ನೇ ತೋರಿಸಿದ್ದರೂ ಇಷ್ಟು ಚಡಪಡಿಸುತ್ತಿರಲಿಲ್ಲ.

ಪ್ಲಗ್ ಅಂಡ್ ಪ್ಲೇ ಎಂದರೆ ಚುಚ್ಚಿದರೆ ಸಾಕು, ಯಾರ್ಯಾರು ಇದ್ದೀರಿ ಎಂದು ಕಂಪ್ಯೂಟರೇ ಕೇಳಿ ತಿಳಿದು ಜಾಗ ಹಂಚಿಕೊಡುತ್ತದೆ ಎಂದು ಹದಿನೆಂಟು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆ ಪಾಠವನ್ನು ಈಗ ನಾನೇ ಎಷ್ಟು ಅರ್ಥ ಮಾಡಿಕೊಂಡಿದ್ದೆ ಎಂದು ಕೇಳಿಕೊಳ್ಳುತ್ತಿದ್ದೇನೆ.

ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಮೊದಲು ಕೇಳುವುದು ನನ್ನ ಧ್ವನಿ. ಇಪ್ಪತ್ತೆರಡರ ಹುಡುಗಿ, ಎಷ್ಟು ಖಚಿತವಾಗಿ ಮಾತಾಡುತ್ತಾಳೆ! “ಸಿದ್ಧಪಡಿಸಿದವರು ಮಮತಾ.” ಇಲ್ಲಿಯ ಹುಡುಗಿಯರಿಗೆ ಅದು ಗಂಟೆ ಬಾರಿಸಿದ ಹಾಗೆ ಅಭ್ಯಾಸವಾಗಿದೆ. ನಾನು ಹೋದಾಗಲೆಲ್ಲ ಬೇಕೆಂದೇ ಅದನ್ನು ಕೂಗುತ್ತಾರೆ. ಆ ವಾಕ್ಯದಲ್ಲಿ ಏನು ಬಿಟ್ಟುಹೋಗಿದೆ ಎಂಬುದು ನನಗೆ ಗೊತ್ತು, ನಿನಗೆ ಗೊತ್ತು. ಅದರ ಬಗ್ಗೆ ಬರೆಯಲು ಇವತ್ತು ಧೈರ್ಯವಿಲ್ಲ.

ಹಳೆಯ ಹಾರ್ಡ್ ಡಿಸ್ಕು ಕಟಕಟ ಎನ್ನುತ್ತಿದೆ. ಎಷ್ಟು ಸಲ ಎಬ್ಬಿಸಿ ಮಲಗಿಸಬಹುದೋ ತಿಳಿಯದು.

ಮಮತಾ


ಹಿರಿಯೂರು
4 ಜನವರಿ 2025

ಮಮತಾ ಮೇಡಂ ಅವರಿಗೆ,

ಎರಡೂ ತಲುಪಿವೆ. ಮೊದಲನೆಯದು ಡಿಸೆಂಬರ್ ಐದಕ್ಕೇ ಬಂತು. ಓದಿ, ಮಂಡಿಯಿಂದ ಬಂದಿದ್ದ ತೂಕದ ಯಂತ್ರದ ಕೆಳಗೆ ಇಟ್ಟೆ. ಕೆಂಚಪ್ಪ ಅಂತ ತೆಂಗಿನಕಾಯಿ ವ್ಯಾಪಾರಿ, ಯಂತ್ರ ತಗೊಂಡು ಹೋಗುವಾಗ ನೋಡಿ ಕೇಳಿದ: “ಏನಕ್ಕಾ, ಕಾಗದ ತೂಕಕ್ಕೆ ಇಟ್ಟಿದೀಯ?” ಎಷ್ಟು ತೂಗ್ತೈತೋ ನೋಡ್ತಿದೀನಿ ಕಣಪ್ಪ ಅಂದೆ. ಆ ಮಾತು ಹೋಗಲಿ.

ನಾವಿಬ್ಬರೂ ಕೆಲಸ ಮಾಡುತ್ತಿದ್ದ ಮಹಡಿ ನೆನಪಿದೆಯೇ? ಚಿತ್ರದುರ್ಗ, ಹೊಳಲ್ಕೆರೆ ರಸ್ತೆ, ನಾಲ್ಕು ಕಂಪ್ಯೂಟರು, ಒಂದು ಫ್ಯಾನು. ಗೋಡೆಯ ಮೇಲೆ ನಾನು ಸೀಮೆಸುಣ್ಣದಲ್ಲಿ ಬರೆದಿದ್ದೆ: ಮೊದಲು ಬರಿ, ಆಮೇಲೆ ಬಿಚ್ಚು. ಕೆಟ್ಟ ಯಂತ್ರ ಮುಟ್ಟುವ ಮೊದಲು ಅದು ಹೇಗಿತ್ತು, ಯಾರು ಏನು ಮಾಡಿದರು, ಎಲ್ಲ ಕಾಗದದ ಮೇಲೆ ಬರಬೇಕಿತ್ತು. ನೀನು ಎರಡು ಕಾಗದ ಬರೆದಿದ್ದೀಯ, ಕೆಟ್ಟ ಮೇಲೆ ಮಾಡಿದ್ದನ್ನೆಲ್ಲ ಹೇಳಿದ್ದೀಯ. ಕೆಡುವ ಮೊದಲು ಏನಾಯಿತು ಎಂದು ಒಂದು ಸಾಲೂ ಇಲ್ಲ. ಚೆನ್ನಾಗಿ ಓಡುತ್ತಿದ್ದ ಯಂತ್ರದ ಹತ್ತಿರ ನಿನ್ನನ್ನು ಕರೆದವರು ಯಾರು? ಯಾಕೆ ಕರೆದರು? ಏನು ಮುಟ್ಟಿದೆ?

ಬರಿ. ಬರೆಯಲು ನಾಚಿಕೆಯಾಗುವುದನ್ನೂ ಬರಿ. ದೋಷ ಅಲ್ಲೇ ಇರುತ್ತದೆ, ತಕ್ಕಡಿಯಲ್ಲೂ ಅಷ್ಟೇ.

ಚೌಡೇಶ್ವರಿ


ಹೊಸದುರ್ಗ
9 ಜನವರಿ 2025

ಚೌಡೇಶ್ವರಿ,

ನಿನ್ನ ಕಾಗದ ಬಂದ ದಿನ ಪಾಠ ಮಾಡುತ್ತಾ ಎರಡು ಸಲ ಮಾತು ಮರೆತೆ.

ಬರೆಯುತ್ತೇನೆ. ನವೆಂಬರ್ ಎರಡನೇ ವಾರ ಏಕನಾಥಮ್ಮ ಟೀಚರ್ ಫೋನ್ ಮಾಡಿಸಿದರು. ಅವರಿಗೀಗ ಐವತ್ತೆಂಟು, ಈಗಲೂ ಬ್ರೈಲ್ ಪಾಠ ಅವರದೇ. “ಈ ಕಂಪ್ಯೂಟ್ರು ದಿನಾ ನಿಮ್ ಹೆಸ್ರು ಹೇಳ್ತೈತಲ್ಲ, ಅದಕ್ಕೇ ನಿಮ್ಗೆ ಹೇಳಿ ಕಳಿಸ್ದೆ” ಅಂದರು. ತೊಂದರೆ ಸಣ್ಣದು: ಗಡಿಯಾರ ಹಿಂದೆ ಬೀಳುತ್ತಿತ್ತು. ಬೆಳಿಗ್ಗೆ ಹಾಕಿದರೆ ಯಂತ್ರ ನಿನ್ನೆಯ ಸಂಜೆಯ ಹೊತ್ತು ಹೇಳುತ್ತಿತ್ತು. ಹುಡುಗಿಯರು “ಟೀಚರ್, ಇನ್ನೂ ನಿನ್ನೇನೇ ಐತೆ, ಹೋಂವರ್ಕ್ ನಾಳೆ ಕೊಡ್ತೀವಿ” ಎನ್ನುತ್ತಿದ್ದರಂತೆ.

ಒಳಗಿನ ಬಿಲ್ಲೆ ಬ್ಯಾಟರಿ ಸೋತಿದೆ ಎಂದು ಗೊತ್ತಾಯಿತು. ಏಕನಾಥಮ್ಮ ಪಕ್ಕದಲ್ಲಿ ನಿಂತು, “ತಡೀರಿ, ಅದನ್ನ ತೆಗೆಯಾಕೆ ಮುಂಚೆ...” ಎಂದು ಏನೋ ಹೇಳಲು ಹೊರಟರು. ನಾನು “ಟೀಚರ್, ನೀವು ಕುಂತ್ಕೊಳ್ಳಿ, ನಾನೇ ಇದೀನಲ್ಲ, ನನಗೆ ಗೊತ್ತು” ಎಂದೆ. ಅವರು ಕುಳಿತರು. ಬ್ಯಾಟರಿ ಬದಲಿಸಿದೆ. ಕಂಪ್ಯೂಟರ್ ಎದ್ದು ಹಳೆಯ ಹೊಂದಾಣಿಕೆಗಳು ಅಳಿಸಿವೆ, ಮೂಲ ಹೊಂದಾಣಿಕೆ ಹಾಕಲೇ ಎಂದು ಕೇಳಿತು. ಹೌದು ಎಂದು ಒತ್ತಿದೆ. ಏನೇನು ಅಳಿಸಿತು ಎಂದು ನೋಡಲಿಲ್ಲ, ಬರೆದುಕೊಳ್ಳಲಿಲ್ಲ. ಮರುದಿನದಿಂದ ಪ್ರಿಂಟ್ ಇಲ್ಲ.

ಅಂದರೆ ಕೆಡಿಸಿದವಳು ನಾನೇ. ರಂಜಿತಾಳಿಗೆ ಇದನ್ನು ಇನ್ನೂ ಹೇಳಿಲ್ಲ. ನಾನು ದೂರದಿಂದ ಬಂದು ಸಹಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದಾಳೆ. ಪ್ರತಿ ಸಲ ನೀರು ತಂದು ಕೊಡುತ್ತಾಳೆ.

ಇನ್ನೇನು ಮುಟ್ಟಿದೆ? ಕ್ಯಾಬಿನೆಟ್ಟಿನ ಮೇಲೆ ವರ್ಷಗಳ ಧೂಳಿತ್ತು, ಒರೆಸಿದೆ. ಪಕ್ಕದಲ್ಲಿ ಅಂಟಿಸಿದ್ದ ಒಂದು ದಪ್ಪ ಕಾಗದದ ಪಟ್ಟಿ ಕೊಳೆಯಾಗಿ ಅಂಚು ಎದ್ದಿತ್ತು, ಕಿತ್ತು ಬುಟ್ಟಿಗೆ ಹಾಕಿದೆ. ಖಾಲಿ ಪಟ್ಟಿ, ಏನೂ ಬರೆದಿರಲಿಲ್ಲ. ಇಷ್ಟೇ.

ನಾಚಿಕೆಯದು ಇನ್ನೊಂದಿದೆ. ಅದು ಯಂತ್ರದ್ದಲ್ಲ.

ಮಮತಾ


ಹಿರಿಯೂರು
17 ಜನವರಿ 2025

ಮಮತಾ,

ಖಾಲಿ ಪಟ್ಟಿ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ.

ಕುರುಡು ಮಕ್ಕಳ ಶಾಲೆಯಲ್ಲಿ, ಬ್ರೈಲ್ ಯಂತ್ರಕ್ಕೆ, ಖಾಲಿ ಪಟ್ಟಿಯನ್ನು ಯಾರು ಅಂಟಿಸುತ್ತಾರೆ? ಬೆರಳಿಟ್ಟು ನೋಡಲಿಲ್ಲವೇ? ಒಂದು ವರ್ಷ ಪ್ರತಿ ಭಾನುವಾರ, ತಾವೂ ಕಣ್ಣಿಲ್ಲದ ಏಕನಾಥಮ್ಮನವರ ಹತ್ತಿರ ಕೂತು ನಾನು ಚುಕ್ಕಿ ಕಲಿತೆ. ನೀನು ಮಹಡಿಯಲ್ಲಿ ಇಂಗ್ಲಿಷ್ ಕೈಪಿಡಿ ಓದುತ್ತಿದ್ದೆ. ಇಬ್ಬರದೂ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಚಿತ್ರದುರ್ಗದಲ್ಲಿ ಆ ಪ್ರಶಸ್ತಿಯ ವೇದಿಕೆಯ ಮೇಲೆ ಬ್ರೈಲ್ ಪ್ರೋಗ್ರಾಂ ಬರೆದವಳು ಎಂದು ಹಾರ ಹಾಕಿಸಿಕೊಂಡವಳಿಗೆ ಬ್ರೈಲಿನ ಒಂದು ಅಕ್ಷರವೂ ಬಾರದು ಎಂದು ಇವತ್ತು ತಿಳಿಯಿತು. ನಾನು ಅವತ್ತು ನಮ್ಮವ್ವನ ಪಕ್ಕದಲ್ಲಿ ಕೂತಿದ್ದೆ. ಅಲ್ಲಿ ತಂದಿಟ್ಟಿದ್ದ ಯಂತ್ರ ನಿನ್ನೊಬ್ಬಳ ಹೆಸರು ಹೇಳಿತು. ಅವ್ವ ಕೇಳಿದಳು: “ನಿಂದ್ ಯಾವಾಗ ಹೇಳ್ತಾರೆ?” ನಾನು “ಏಳವ್ವ, ಹೋಗಾಣ, ಬಸ್ಸು ತಪ್ತೈತೆ” ಎಂದೆ.

ಈಗ ಯಂತ್ರದ ಮಾತು. ಒಳಗಿನ ಪ್ರತಿಯೊಂದು ಕಾರ್ಡಿಗೂ ‘ಇತ್ತ ನೋಡು’ ಎಂದು ಕರೆಯಲು ಒಂದು ಲೈನು ಬೇಕು. ಧ್ವನಿಯ ಕಾರ್ಡು ಹೊಸ ತಲೆಮಾರಿನದು, ಕೇಳಿದ ತಕ್ಷಣ ಕೈಯೆತ್ತುತ್ತದೆ. ಪ್ರಿಂಟರಿನ ಕಾರ್ಡು ಅದಕ್ಕಿಂತ ಹಳೆಯದು. ಯಾರಿದ್ದೀರಿ ಎಂದರೆ ಬಾಯಿ ಬಿಡುವುದಿಲ್ಲ, ತನ್ನ ಪಾಡಿಗೆ ತನ್ನ ಲೈನಿನಲ್ಲಿ ಕೆಲಸ ಮಾಡುತ್ತಿರುತ್ತದೆ. ಉತ್ತರ ಬರಲಿಲ್ಲ ಅಂದರೆ ಅಲ್ಲಿ ಯಾರೂ ಇಲ್ಲ ಎಂದು ಕಂಪ್ಯೂಟರು ಆ ಜಾಗವನ್ನು ಕೈಯೆತ್ತಿದವರಿಗೆ ಕೊಟ್ಟುಬಿಡುತ್ತದೆ. ಸಂಘರ್ಷ ಇಲ್ಲ ಎಂದೂ ಬರೆಯುತ್ತದೆ. ಸುಳ್ಳಲ್ಲ, ಅದಕ್ಕೆ ಗೊತ್ತಿರುವುದೇ ಅಷ್ಟು.

ಇಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ 2003ರಲ್ಲಿ ಆ ಹಳೇ ಕಾರ್ಡಿನ ಲೈನಿಗೆ ನಾನು ಟವೆಲ್ ಹಾಕಿದ್ದೆ. ಬ್ಯಾಟರಿ ಇರುವ ತನಕ ಅದು ಅಲ್ಲೇ ಇರುತ್ತದೆ. ನೀನು ಟವೆಲ್ ತೆಗೆದು, ಒದರಿ, ಮಡಿಸಿಟ್ಟೆ.

ಎಲ್ಲಿ, ಯಾವ ಲೈನು ಎಂದು ಪಟ್ಟಿಯಲ್ಲಿದೆ. ಅದನ್ನು ಹುಡುಕಿ ಏಕನಾಥಮ್ಮನವರ ಕೈಗೆ ಕೊಡು. ಅವರು ಓದಲಿ, ನೀನು ಕೇಳು. ಒಂದು ವಾರದಲ್ಲಿ ಸಿಗದಿದ್ದರೆ ಒಂದು ಅಂಚೆ ಕಾರ್ಡು ಹಾಕು, ನಾನೇ ಹೇಳುತ್ತೇನೆ. ಹುಡುಗಿಯ ಪರೀಕ್ಷೆಯನ್ನು ನಮ್ಮ ಜಗಳಕ್ಕೆ ಕಟ್ಟುವಷ್ಟು ಕೆಟ್ಟವಳಲ್ಲ.

ಚೌಡೇಶ್ವರಿ


ಹೊಸದುರ್ಗ
23 ಜನವರಿ 2025

ಚೌಡಿ,

ನಿನ್ನ ಕಾಗದದ ಟವೆಲ್ ಮಾತು ಓದುತ್ತಿದ್ದ ಹಾಗೇ ಎಲ್ಲಿ ನೋಡಬೇಕೆಂದು ನನಗೆ ಹೊಳೆಯಿತು. ಪಟ್ಟಿ ಇಲ್ಲದೆಯೂ ಅರ್ಧ ಗಂಟೆಯಲ್ಲಿ ಸರಿ ಮಾಡಬಹುದಿತ್ತು. ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ: ಮಾಡಿ ಮುಗಿಸಿ, ಪಟ್ಟಿ ಸಿಗಲಿಲ್ಲ, ಆದರೆ ಸರಿಯಾಯಿತು ಎಂದು ನಿನಗೆ ಬರೆಯಬಹುದು. ಯಾರಿಗೂ ನಷ್ಟವಿಲ್ಲ. ಹಿಂದೆಯೂ ಹೀಗೇ ಲೆಕ್ಕ ಹಾಕಿದ್ದೆ, ಯಾರಿಗೂ ನಷ್ಟವಿಲ್ಲ ಎಂದು. ಶಾಲೆ ತಲುಪಿದವಳು ಕಂಪ್ಯೂಟರಿನ ಕೋಣೆಗೆ ಹೋಗದೆ ಏಕನಾಥಮ್ಮನವರ ತರಗತಿಗೆ ಹೋದೆ.

ಹುಡುಗಿಯರ ಎದುರಿಗೇ ಹೇಳಿದೆ: ಯಂತ್ರವನ್ನು ಕೆಡಿಸಿದವಳು ನಾನು. ಪಟ್ಟಿಯನ್ನು ಖಾಲಿ ಎಂದುಕೊಂಡು ಕಿತ್ತೆ. ನನಗೆ ಬ್ರೈಲ್ ಬರುವುದಿಲ್ಲ.

ಯಾರೋ ಒಬ್ಬಳು ನಕ್ಕಳು. ಏಕನಾಥಮ್ಮ ನಗಲಿಲ್ಲ. “ಪಟ್ಟಿ ಕೈಗೆ ಸಿಗ್ಲಿಲ್ಲ. ನೀವೇ ಬರ್ದಿದ್ದು, ನೋಡ್ಕಂಡು ಮಾಡಾಕೆ ತಗಂಡೋಗಿದೀರ ಅಂದ್ಕಂಡಿದ್ದೆ ಕಣ್ರಿ. ಮುಂಚೆ ಎಲ್ಡು ಸಲ ಬ್ಯಾಟ್ರಿ ಹಾಕ್ಸಿದೀನಿ. ರೇಡಿಯೋ ರಿಪೇರಿಯೋನಿಗೆ ನಾನೇ ಪಟ್ಟಿ ಓದಿ ಹೇಳಿದ್ದೆ. ನಿಮಗೂ ಓದಾಕೆ ಬಂದೆ. ನಂಗೆ ಗೊತ್ತು ಅಂದ್ರಿ.”

“ಮತ್ತೆ ಹೇಳಬಹುದಿತ್ತಲ್ಲ ಟೀಚರ್?”

“ಕುಂತ್ಕಳ್ರಿ ಅಂದ್ರಲ್ಲ. ಕುಂತ್ಕಂಡೆ.”

ಆಗ ರಂಜಿತಾ ಎದ್ದು ನಿಂತಳು. ಅವಳ ವಿಜ್ಞಾನದ ಪುಸ್ತಕದ ನಡುವೆ ಪಟ್ಟಿ ಇತ್ತು, ಪುಟದ ಗುರುತಿಗೆ! ಚುಕ್ಕಿ ಇರುವ ಕಾಗದವನ್ನು ಇಲ್ಲಿ ಯಾರೂ ಬುಟ್ಟಿಯಲ್ಲಿ ಬಿಡುವುದಿಲ್ಲವಂತೆ. “ಲೈನು, ಕಾರ್ಡು ಅಂತ ಇತ್ತು ಮೇಡಂ. ನೀವೇ ಎಸೆದಿದ್ರಲ್ಲ, ಬ್ಯಾಡಾಗೈತೆ ಅಂದ್ಕಂಡೆ.” ಎರಡು ತಿಂಗಳು ನನ್ನ ಪಕ್ಕದಲ್ಲೇ ನೀರಿನ ಲೋಟ ಹಿಡಿದು ನಿಂತಿದ್ದಳು, ಉತ್ತರ ಅವಳ ಚೀಲದಲ್ಲಿತ್ತು. ನಾನು ಕೇಳಿರಲಿಲ್ಲ.

ಏಕನಾಥಮ್ಮ ಅವಳಿಗೇ ಓದಲು ಹೇಳಿದರು. ಅವಳ ಬೆರಳು ಹೋಗುತ್ತಿತ್ತು, ನಾನು ನೋಡುತ್ತಿದ್ದೆ.

“ಐದನೇ ಲೈನು ಪ್ರಿಂಟರಿನ ಹಳೇ ಕಾರ್ಡಿಗೆ ಮೀಸಲು. ಧ್ವನಿ ಕಾರ್ಡು ಕೇಳಿದರೂ ಕೊಡಬೇಡಿ. ಬ್ಯಾಟರಿ ತೆಗೆದರೆ ಅಳಿಸಿಹೋಗುತ್ತದೆ. ಕಂಪ್ಯೂಟರ್ ಏಳುವಾಗ ಡಿಲೀಟ್ ಒತ್ತಿ ನೀಲಿ ಪರದೆಯಲ್ಲಿ ಮತ್ತೆ ಬರೆಸಿ. ಸಿದ್ಧಪಡಿಸಿದವರು ಮಮತಾ...”

ಅಲ್ಲಿಗೆ ಸಾಲು ಮುಗಿಯಿತು ಎಂದುಕೊಂಡೆ. ನೀನೂ ನನ್ನ ಹೆಸರನ್ನಷ್ಟೇ ಬರೆದಿದ್ದೀಯ ಎಂದು ಎದೆ ಹಗುರವಾಯಿತು ಕೂಡ. ಅದನ್ನೂ ನಿನಗೆ ಹೇಳಬೇಕು. ಆದರೆ ರಂಜಿತಾ ಪಟ್ಟಿಯನ್ನು ಅಡ್ಡಕ್ಕೆ ತಿರುಗಿಸಿದಳು. “ಜಾಗ ಸಾಲದಂಗೆ ಆಗಿ ಅಂಚಿಗೆ ಬರ್ದವ್ರೆ ಮೇಡಂ. ‘ಮತ್ತು ಚೌಡೇಶ್ವರಿ’.”

ಪಟ್ಟಿಯಲ್ಲಿ ಜಾಗವಿರಲಿಲ್ಲ. ನೀನು ನನ್ನ ಹೆಸರನ್ನು ಮೊದಲು ಹಾಕಿ, ನಿನ್ನದಕ್ಕೆ ಅಂಚಿನಲ್ಲಿ ಜಾಗ ಮಾಡಿಕೊಂಡೆ. ಮರುವರ್ಷ ಆ ಪ್ರಶಸ್ತಿಯ ಅರ್ಜಿ ಬಂತು. ಇಂಗ್ಲಿಷಿನಲ್ಲಿತ್ತು, ಹಾಗಾಗಿ ತುಂಬಿದವಳು ನಾನು. ಹೆಸರಿಗೆ ಒಂದೇ ಗೆರೆ ಇತ್ತು. ಇಷ್ಟು ವರ್ಷ ನನಗೆ ನಾನು ಹೇಳಿಕೊಂಡದ್ದು ಅದೇ, ಗೆರೆ ಒಂದೇ ಇತ್ತು ಎಂದು. ಆದರೆ ಯಂತ್ರದ ಧ್ವನಿಯಲ್ಲಿ ಮೊದಲು ಎರಡೂ ಹೆಸರಿತ್ತು. ಅರ್ಜಿಗೆ ಹೊಂದಲಿ ಎಂದು ನಾನು ಕೂತು ಮತ್ತೆ ರೆಕಾರ್ಡ್ ಮಾಡಿದೆ. ನಿನ್ನನ್ನು ಕೇಳಲಿಲ್ಲ. ನೀನು ಏನೂ ಹೇಳಲಿಲ್ಲ, ಆದ್ದರಿಂದ ಒಪ್ಪಿದ್ದೀಯ ಎಂದುಕೊಂಡೆ. ತಪ್ಪಾಯಿತು ಚೌಡಿ. ಬೇರೆ ಪದ ಹುಡುಕಿದೆ, ಇಲ್ಲ.

ಐದನೇ ಲೈನನ್ನು ಹಳೇ ಕಾರ್ಡಿಗೆ ಮೀಸಲು ಮಾಡಿದೆ. ಧ್ವನಿಯ ಕಾರ್ಡು ತಕರಾರಿಲ್ಲದೆ ಹತ್ತನೇ ಲೈನಿಗೆ ಹೋಗಿ ಕೂತಿತು. ಅದಕ್ಕೆ ಬೇರೆ ಜಾಗವೂ ಇತ್ತು! ಸಂಜೆ ನಾಲ್ಕೂವರೆಗೆ ಏಕನಾಥಮ್ಮನೇ ಪ್ರಿಂಟ್ ಕೊಟ್ಟರು. ಪೂರ್ತಿ ಸಾಲು, ಆಮೇಲೆ ಪೂರ್ತಿ ಪುಟ. ರಂಜಿತಾ ಕಾಗದ ಹೊರಬರುವ ಮೊದಲೇ ಕೈ ಹಾಕಿ ಓದುತ್ತಿದ್ದಳು, ಏಕನಾಥಮ್ಮ “ಲೇ, ಹರೀತೈತೆ ಬಿಡೇ” ಎಂದು ಬೈಯುತ್ತಿದ್ದರು. ಎರಡನೇ ಭಾಗ ಮುಗಿಯಲು ಹನ್ನೆರಡು ದಿನ ಬೇಕು. ಡಿಸ್ಕು ಇನ್ನೂ ಕಟಕಟ ಎನ್ನುತ್ತದೆ. ಉಗುರು ಕಚ್ಚುತ್ತಾ ಕೂತಿದ್ದೇನೆ.

ಮೊದಲ ಪರದೆಯ ಧ್ವನಿಯನ್ನು ಮತ್ತೆ ರೆಕಾರ್ಡ್ ಮಾಡಲು ನಿನ್ನ ಅನುಮತಿ ಬೇಕು. ಈ ಸಲ ಕೇಳುತ್ತಿದ್ದೇನೆ.

ನಿನ್ನ
ಮಮತಾ


ಹಿರಿಯೂರು
6 ಫೆಬ್ರವರಿ 2025

ಮಮತಾ,

ಅಂಚಿಗೆ ಬರೆದದ್ದು ನಾನೇ ಮರೆತಿದ್ದೆ.

ಧ್ವನಿ ಹಾಗೇ ಇರಲಿ. ಆ ಡಿಸ್ಕಿನ ಮೇಲೆ ಹೊಸದೇನೂ ಬರೆಯಬೇಡ, ಪರೀಕ್ಷೆ ಮುಗಿಯುವ ತನಕ ಮುಟ್ಟಲೇಬೇಡ. ಹಳೆಯ ಪಟ್ಟಿ ಅಂಟು ಬಿಟ್ಟಿರುತ್ತದೆ, ಹುಡುಗಿಯ ಪುಸ್ತಕದಲ್ಲೇ ಇರಲಿ. ಹೊಸದು ಬರೆದು ಅಂಟಿಸು. ಪ್ರಿಂಟರಿನಲ್ಲಿ ಒತ್ತಿಸಬೇಡ. ಕಲಿತು, ಕೈಯಲ್ಲಿ ಚುಚ್ಚು. ಬಲದಿಂದ ಎಡಕ್ಕೆ ಚುಚ್ಚಬೇಕು, ಕಾಗದ ತಿರುಗಿಸಿದಾಗ ಸರಿಯಾಗುತ್ತದೆ. ಮೊದಲ ಹತ್ತು ಹಾಳೆ ಹಾಳಾಗುತ್ತವೆ.

ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ.

ಚೌಡಿ


ಹೊಸದುರ್ಗ
18 ಮಾರ್ಚ್ 2025

ಚೌಡಿ,

ಎರಡನೇ ಭಾಗ ಫೆಬ್ರವರಿ ಏಳಕ್ಕೆ ಮುಗಿಯಿತು. ರಂಜಿತಾ ಮೂರು ಸಲ ಓದಿದ್ದಾಳೆ. ಶುಕ್ರವಾರದಿಂದ ಪರೀಕ್ಷೆ. ಚಿತ್ತಯ್ಯ ಕುರಿಗಳನ್ನು ಯಾರಿಗೋ ಒಪ್ಪಿಸಿ ಬಂದು ಶಾಲೆಯ ಜಗಲಿಯಲ್ಲೇ ಬಿಡಾರ ಹೂಡಿದ್ದಾರೆ. “ಕರ್ಕಂಡೋಗಾಕೆ ಬಂದ್ರಾ?” ಎಂದು ಏಕನಾಥಮ್ಮ ಕೆಣಕಿದರೆ “ಅದ್ಯಾಕ್ ಹಂಗಂತೀರಾ, ಬಿಟ್ಟೋಗಾಕೆ ಬಂದೀನಿ” ಎನ್ನುತ್ತಾರೆ. ಪಾಸಾಗುತ್ತಾಳೋ ಇಲ್ಲವೋ ಗೊತ್ತಿಲ್ಲ. ಪುಸ್ತಕವಿಲ್ಲದೆ ಹೋದಳು ಎನ್ನುವ ಹಾಗಿಲ್ಲ, ಅಷ್ಟು ಮಾತ್ರ ಗೊತ್ತು.

ನನಗೆ ಹತ್ತಲ್ಲ, ಹದಿನಾರು ಹಾಳೆ ಹಾಳಾದವು. ಹೊಸ ಪಟ್ಟಿ ಮಾರ್ಚ್ ಒಂದಕ್ಕೆ ಅಂಟಿತು. ಐದನೇ ಲೈನಿನ ವಿಷಯ ಇದ್ದ ಹಾಗೇ ಇದೆ. ಅದರ ಕೆಳಗೆ: “ಬರೆದವರು ಚೌಡೇಶ್ವರಿ. ಕಿತ್ತವರು ಮಮತಾ.” ಹುಡುಗಿಯರು ದಿನಾ ಅದರ ಮೇಲೆ ಬೆರಳಾಡಿಸಿ ನಗುತ್ತಾರಂತೆ. ನಾನು ಹೋದರೆ ಈಗ “ಕಿತ್ತವ್ರು ಬಂದ್ರು” ಎಂದು ಕೂಗುತ್ತಾರೆ.

ನಿನ್ನೆ ಹೋದಾಗ ಪಟ್ಟಿ ಕೂದಲೆಳೆಯಷ್ಟು ಓರೆಯಾಗಿತ್ತು. ಅಂಟು ಹೊಸದು. ಬೆರಳಿಟ್ಟು ನಿಧಾನವಾಗಿ ಓದಿದೆ, ಈಗ ಅಷ್ಟು ಬರುತ್ತದೆ. ನನ್ನ ಹೆಸರಿನಲ್ಲಿ ಒಂದು ಚುಕ್ಕಿಯನ್ನು ನಾನು ಬಿಟ್ಟಿದ್ದೆ. ಅದು ಈಗ ಇದೆ.

ಯಾರು ಬಂದಿದ್ದರು ಎಂದು ಏಕನಾಥಮ್ಮನವರನ್ನು ಕೇಳಿದೆ. “ನಂಗೇನ್ ಕಾಣ್ತೈತೇನ್ರಿ?” ಎಂದು ಒಳಗೆ ಹೋದರು. ರಂಜಿತಾ ಮಾತ್ರ ಹೇಳಿದಳು. ಭಾನುವಾರ ಮಧ್ಯಾಹ್ನ, ಹೆಂಗಸು. ಕೈಯಲ್ಲಿ ತೆಂಗಿನ ನಾರಿನ ವಾಸನೆ. ಹೆಚ್ಚು ಮಾತಿಲ್ಲ. ಪಟ್ಟಿಯನ್ನು ಕೊನೆಯ ತನಕ ಮುಟ್ಟಿ ಓದಿ ಜೋರಾಗಿ ನಕ್ಕರಂತೆ. ಆಮೇಲೆ ಅದನ್ನು ಬಿಡಿಸಿ, ಹಿಂದಿನಿಂದ ಚುಚ್ಚಿ, ಮತ್ತೆ ಅಂಟಿಸಿ ಹೋದರಂತೆ.

ಇಷ್ಟು ಹೇಳಿ ಕೇಳಿದಳು: “ಅವ್ರೂ ಪಟ್ಟಿ ಕಿತ್ತವ್ರೆ. ಹಂಗಾರೆ ಮೇಡಂ, ‘ಕಿತ್ತವರು’ ಅನ್ನೋ ಕಡೆ ಇನ್ನೊಂದು ಹೆಸ್ರು ಸೇರಸ್ಬೇಕಲ್ವಾ? ಅಂಚಿನಾಗೆ ಜಾಗ ಐತೆ.”

ನಾನಿನ್ನೂ ಉತ್ತರ ಕೊಟ್ಟಿಲ್ಲ. ನಿನ್ನನ್ನು ಕೇಳದೆ ಕೊಡುವುದಿಲ್ಲ.

ಮಮತಾ